ಅತಿ ಹೆಚ್ಚು ನೋಡಿದ ಪಾಠ

ನನ್ನ ಸೋದರಮಾವನನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಕಲ್ಲುಮೇಷ್ಟ್ರು ಎನ್ನುತ್ತಾರೆ. ಭೂವಿಜ್ಞಾನ ಕಲಿಸುತ್ತಾರೆ, ಅದಕ್ಕೊಂದು. ಹಿಡಿದ ಹಟ ಬಿಡುವವರಲ್ಲ, ಅದಕ್ಕಿನ್ನೊಂದು. ಅದೇ ವಿಭಾಗದಲ್ಲಿ ನಾನು ಗುತ್ತಿಗೆ ಬೋಧಕಿ. ಅವರು ವಿಡಿಯೊದಲ್ಲಿ ಹೇಳಿದ್ದನ್ನು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಬಿಡಿಸಿ ಹೇಳುವುದು ನನ್ನ ಕೆಲಸ. ಈ ಕೆಲಸ ಮಾವ ಕೊಡಿಸಿದ್ದು ಎಂದು ಯಾರಾದರೂ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆಯ್ಕೆಯ ದಿನ ಆ ಮಹಾನುಭಾವರು ಬೇಕೆಂದೇ ರಜೆ ಹಾಕಿದ್ದರು.

ಎಲ್ಲ ವಿಭಾಗಗಳ ಆನ್‌ಲೈನ್ ಪಾಠಗಳ ಪರಿಶೀಲನೆ ನಡೆಯಬೇಕೆಂದು ಕುಲಪತಿಗಳು ಹೊರಟರು. ಅದು ಹೇಗೆ ನಡೆಯಬೇಕೆಂಬ ಯೋಜನೆ ಮಾವನ ಹೆಗಲಿಗೆ ಬಿತ್ತು. ವಿಡಿಯೊಗಳೇ ಸಾಕು ಎಂದಾದರೆ ಗುತ್ತಿಗೆಯವರೆಲ್ಲ ಮನೆಗೆ ಹೋಗಬೇಕೆಂಬುದು ಕಾರಿಡಾರಿನ ಗೋಡೆಗೂ ಗೊತ್ತಿತ್ತು. ನನ್ನ ಮನೆ ನಡೆಯುವುದು ಈ ಕೆಲಸದಿಂದಲೇ. ತಡೆಯಲಾರದೆ ಮಾವನ ಮನೆಗೆ ಹೋದೆ.

"ವಿಡಿಯೊ ಎಷ್ಟು ಸಲ ಓಡಿದೆ ಅಂತ ಎಣಿಸಿದ್ರೆ ನಿಮ್ಮ ಪಾಠ ಉಳಿಯುತ್ತೆ, ನಾನು ಹೋಗ್ತೀನಿ. ಮಕ್ಕಳನ್ನ ಕೇಳೋ ಹಾಗೆ ಮಾಡಿ, ಮಾವ."

"ಸೊಸೆ ಅಂತ ನಿನಗೊಂದು ನ್ಯಾಯ ಮಾಡಕ್ಕಾಗಲ್ಲ ಕಣಮ್ಮ," ಎಂದರು. "ಮೊದಲು ನನ್ನ ಪಾಠಗಳನ್ನೇ ಒಂದ್ಸಲ ಪೂರ್ತಿ ನೋಡ್ತೀನಿ."

ಅತ್ತೆ ಒಲೆಯ ಮುಂದಿನಿಂದಲೇ, "ಅದೇನು ನೋಡೋದು? ನಾನು ಒಂದೂ ಬಿಡದೆ ನೋಡಿದೀನಿ. ಎಲ್ಲಾ ಚೆನ್ನಾಗಿದೆ," ಎಂದರು. ಮಾವನ ಮುಖ ಅರಳಿತು. ನಾನು ಸಿಡುಕಿಕೊಂಡೇ ಎದ್ದು ಬಂದೆ.

ಯೋಜನೆಯ ಸಭೆಗೆ ಗುತ್ತಿಗೆಯವರ ಪರವಾಗಿ ನನ್ನನ್ನೂ ಕರೆದು ಹಿಂದಿನ ಕುರ್ಚಿಯಲ್ಲಿ ಕೂರಿಸಿದರು.

"ಮಕ್ಕಳನ್ನ ಕೇಳ್ತಾ ಕೂತ್ರೆ ವರ್ಷ ಕಳೆಯುತ್ತೆ," ಎಂದರು ಕುಲಪತಿಗಳು. "ಲೆಕ್ಕ ಕಣ್ಣ ಮುಂದೇ ಇದೆ. ಮೇಷ್ಟ್ರೇ, ನಿಮ್ಮ ಸುಣ್ಣಕಲ್ಲಿನ ಪಾಠವೇ ಅತಿ ಹೆಚ್ಚು ಓಡಿರೋದು."

"ಹಾಗಾದ್ರೆ ಅದನ್ನೇ ಹಾಕೋಣ," ಎಂದರು ಮಾವ.

ಹೊಗಳಿಸಿಕೊಳ್ಳಲು ಹೊರಟರು, ನನ್ನ ಕಥೆ ಮುಗಿಯಿತು ಎಂದುಕೊಂಡು ಹಲ್ಲು ಕಚ್ಚಿ ಕುಳಿತೆ.

ಪರದೆಯ ಮೇಲೆ ಮಾವ ನಮಸ್ಕಾರ ಹೇಳಿ ಕಲ್ಲೊಂದನ್ನು ಕೈಗೆತ್ತಿಕೊಂಡರು. ಅಷ್ಟರಲ್ಲಿ ಧ್ವನಿ ನಿಂತಿತು. ತುಟಿ ಆಡುತ್ತಿದೆ, ಮಾತಿಲ್ಲ. ತಂತ್ರಜ್ಞ ಓಡಿಬಂದು ತಂತಿಗಳನ್ನು ಕಿತ್ತು ಸಿಕ್ಕಿಸಿದ. ಏನೂ ಆಗಲಿಲ್ಲ. ಯಾರೋ ಕೆಮ್ಮಿದರು.

"ತಂತಿ ಸರಿಯಾಗಿದೆ, ಬಿಡಪ್ಪ. ಪಾಠದಲ್ಲೇ ಧ್ವನಿ ಇಲ್ಲ. ಮೈಕ್ ಆಫ್ ಆಗಿದ್ದು ನನಗೆ ತಿಳೀಲಿಲ್ಲ, ಕೊನೇವರೆಗೂ ಹೀಗೇ." ಮಾವ ಎದ್ದು ಪರದೆಯ ಪಕ್ಕಕ್ಕೆ ಬಂದು ನಿಂತರು. "ಪೂರ್ತಿ ಓಡಿಸಿದ್ರೆ ಹಾಜರಿ ಬೀಳುತ್ತೆ, ಅದಕ್ಕೆ ಓಡಿಸ್ತಾರೆ. ಇವತ್ತಿನವರೆಗೆ ಧ್ವನಿ ಇಲ್ಲ ಅಂತ ಒಬ್ಬರೂ ಹೇಳಿಲ್ಲ. ಆದ್ರೂ ಪರೀಕ್ಷೇಲಿ ಇದೇ ಪಾಠದ ಪ್ರಶ್ನೆಗೆ ಚೆನ್ನಾಗಿ ಬರೆದಿದ್ದಾರೆ, ಸರ್. ಯಾರು ಕಲಿಸಿದ್ರು ಅಂತ ಮಕ್ಕಳನ್ನೇ ಕೇಳಬೇಕು. ಪರಿಶೀಲನೆ ಅಲ್ಲಿಂದ ಶುರುವಾಗಲಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಸುತ್ತ ಕುಳಿತಿದ್ದ ಪ್ರಾಧ್ಯಾಪಕರೆಲ್ಲ ಮೆಲ್ಲಗೆ ಫೋನು ತೆರೆದು ತಂತಮ್ಮ ಪಾಠ ಹುಡುಕತೊಡಗಿದರು.

"ಇದನ್ನ ಇಲ್ಲಿ ತೋರಿಸಲೇಬೇಕಿತ್ತಾ?" ಎಂದರು ಕುಲಪತಿಗಳು.

"ನನ್ನದನ್ನ ಮುಚ್ಚಿಟ್ಟು ಬೇರೆಯವರದ್ದನ್ನ ಹೇಗೆ ಕೆದಕಲಿ, ಸರ್?"

ಕೊನೆಗೆ ಕುಲಪತಿಗಳು ಒಪ್ಪಿದರು. ಮಕ್ಕಳನ್ನು ಕೇಳುವುದು, ನಮ್ಮ ತರಗತಿಗಳಲ್ಲೂ ಕುಳಿತು ನೋಡುವುದು, ಅಲ್ಲಿಯವರೆಗೆ ಯಾರನ್ನೂ ತೆಗೆಯಬಾರದು ಎಂದು ತೀರ್ಮಾನವಾಯಿತು. ಮಾವ ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಮೆಟ್ಟಿಲಿಳಿಯುವಾಗ ಮಾವ ಪಕ್ಕದ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. ಅಷ್ಟೊಂದು ಬೈದುಕೊಂಡಿದ್ದ ನನಗೆ ಅಳು ತಡೆಯಲಾಗಲಿಲ್ಲ.

"ಎಲ್ಲರ ಮುಂದೆ ನಿಮ್ಮ ಮಾನ ಹೋಯ್ತಲ್ಲ, ಮಾವ."

"ಹೋಗಲಿ ಬಿಡು. ಆದ್ರೆ ಮನೇಲಿ ನಿನ್ನ ಅತ್ತೆಗೆ ಮಾತ್ರ ಇದನ್ನ ಹೇಳಬೇಡ."

"ಯಾಕೆ?"

"ಒಂದೂ ಬಿಡದೆ ನೋಡಿದೀನಿ ಅಂದಿದ್ದಳಲ್ಲ. ಪಾಪ, ನೊಂದ್ಕೋತಾಳೆ."