ಹುಣ್ಣಿಮೆಯ ರಜೆ

ಗಂಡನೆಂದರೆ ಹುಣ್ಣಿಮೆಗೆ ಬರುವವನು ಎಂಬುದನ್ನು ಸ್ವರ್ಣಲತಾ ಉಚ್ಚಿಲದ ಆ ಮನೆಗೆ ಮದುವೆಯಾಗಿ ಬಂದ ವರ್ಷವೇ ಕಲಿತಿದ್ದಳು. ಭೋಜ ದುಡಿಯುತ್ತಿದ್ದದ್ದು ಮಲ್ಪೆಯ ಒಂದು ದೊಡ್ಡ ದೋಣಿಯಲ್ಲಿ. ಕತ್ತಲೆಯ ರಾತ್ರಿಗಳಲ್ಲಿ ಮೀನಿನ ಗುಂಪು ನೀರೊಳಗೆ ಮಿಣಮಿಣ ಹೊಳೆಯುತ್ತದೆ, ಬಲೆ ಬಿಡುವವರಿಗೆ ಆ ಹೊಳಪೇ ಗುರುತು. ಬೆಳದಿಂಗಳು ಚೆಲ್ಲಿತೆಂದರೆ ಅದು ಕಾಣುವುದಿಲ್ಲ. ಹಾಗಾಗಿ ಚಂದ್ರ ತುಂಬುತ್ತ ಬಂದಂತೆ ಅವರ ದೋಣಿ ದಡ ಸೇರುತ್ತಿತ್ತು, ಭೋಜ ಮನೆ ಸೇರುತ್ತಿದ್ದ. ಚಂದ್ರ ಸವೆಯತೊಡಗಿದ ಕೂಡಲೇ ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಿದ್ದ.

ಹೊರಡುವ ದಿನ ಹೆಚ್ಚಾಗಿ ಸಂಕಷ್ಟಿಯಂದೇ ಬೀಳುತ್ತಿತ್ತು. ಅದು ಸ್ವರ್ಣಲತಾಳಿಗೂ ವ್ಯಾಪಾರವಿಲ್ಲದ ದಿನ. ಅವಳು ಬುಟ್ಟಿ ಹೊತ್ತು ಬಸ್ಸು ಹಿಡಿದು ಕಡಿಯಾಳಿಯ ಮನೆಮನೆಗೆ ಮೀನು ಮಾರುವವಳು. ಹೊಸದರಲ್ಲಿ ತಿಥಿ ಮರೆತು ಹೋಗಿ, ಗೇಟಿನಿಂದಲೇ "ಇವತ್ತು ಬೇಡ ಮಾರಾಯ್ತಿ, ಸಂಕಷ್ಟಿ ಅಲ್ವಾ?" ಎಂದು ಹೇಳಿಸಿಕೊಂಡು ತುಂಬಿದ ಬುಟ್ಟಿಯೊಂದಿಗೆ ಮರಳಿದ್ದುಂಟು. ಏಕಾದಶಿಯದೂ ಅದೇ ಕಥೆ. ತಿಥಿವಾರ ನೋಡದೆ ಮೀನು ಕೊಳ್ಳುವ ಜೋಸ್ಲಿನ್ ಬಾಯಿ ಕೂಡ ಹುಣ್ಣಿಮೆಯ ಆಸುಪಾಸಿನಲ್ಲಿ ಏಡಿಯನ್ನು ಮುಟ್ಟುತ್ತಿರಲಿಲ್ಲ. "ಒಳಗೆ ಎಂತ ಉಂಟು? ಬರೀ ಚಿಪ್ಪು. ಅಮಾವಾಸ್ಯೆಗೆ ತಾ" ಎನ್ನುತ್ತಿದ್ದರು. ಹೀಗೆ ಬುಟ್ಟಿಯ ಭಾರದಲ್ಲಿ, ಏಡಿಯ ಮಾಂಸದಲ್ಲಿ, ಮನೆಯ ಹಿಂದಿನ ತಡೆಗೋಡೆಗೆ ಬಡಿಯುವ ನೀರಿನ ಎತ್ತರದಲ್ಲಿ ಚಂದ್ರ ಎಷ್ಟು ಬೆಳೆದಿದ್ದಾನೆಂದು ಅವಳಿಗೆ ತಿಳಿಯುತ್ತಿತ್ತು. ತಲೆಯೆತ್ತಿ ನೋಡಲು ಪುರುಸೊತ್ತೇನೂ ಇರಲಿಲ್ಲ.

ಗಂಡ ಬರುವ ಆ ಹುಣ್ಣಿಮೆಗಳು ಹೇಳಿಕೊಳ್ಳುವಷ್ಟು ಚಂದವೂ ಇರಲಿಲ್ಲ. ಬಂದ ದಿನ ಅವನು ಹೆಣದಂತೆ ನಿದ್ದೆ ಮಾಡುತ್ತಿದ್ದ. ಮರುದಿನ ಜೊತೆಗಾರರೊಂದಿಗೆ ಕುಡಿದು ಬರುತ್ತಿದ್ದ. ಆಮೇಲಿನ ದಿನ ಮಾತ್ರ ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತು ಮೀನು ಕೊಯ್ದು ಕೊಡುತ್ತ, ಮಗ ಅಕ್ಷಿತ್‌ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಡಲಿನ ಸುದ್ದಿ ಹೇಳುತ್ತಿದ್ದ. ಅವಳಿಗೆ ಸಿಕ್ಕ ಗಂಡ ಅಷ್ಟೇ. ಮಾತಿಗೆ ರುಚಿ ಹತ್ತುವಷ್ಟರಲ್ಲಿ ಹೊರಡುವ ಹೊತ್ತಾಗುತ್ತಿತ್ತು.

ಎರಡು ವರ್ಷದ ಹಿಂದೆ ಅವನಿಗೆ ಪಾರ್ಶ್ವವಾಯು ಬಡಿಯಿತು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೈಕಾಲು ಮೆಲ್ಲಗೆ ಸುಧಾರಿಸಿತು, ನೆನಪು ಸುಧಾರಿಸಲಿಲ್ಲ. ಮಗನಿಗೆ ಮದುವೆಯಾದದ್ದೇ ಅವನಿಗೆ ಮರೆತುಹೋಗಿತ್ತು. ಸೊಸೆ ಚೈತಾಲಿಯನ್ನು ನೆರೆಮನೆಯ ಹುಡುಗಿಯೆಂದು ತಿಳಿದು "ನಿನ್ನ ಮನೆಯಲ್ಲಿ ಹುಡುಕುತ್ತಾರೆ, ಹೋಗು ಮಗಾ" ಎನ್ನುತ್ತಿದ್ದ. ಆದರೆ ಚಂದ್ರ ಮಾತ್ರ ತಲೆಯೊಳಗೆ ಹಾಗೆಯೇ ಉಳಿದಿದ್ದ. ಹುಣ್ಣಿಮೆ ಕಳೆದು ಸಂಕಷ್ಟಿ ಬಂತೆಂದರೆ ಭೋಜ ಬೆಳಗ್ಗೆಯೇ ಎದ್ದು, ಚೀಲಕ್ಕೆ ಎರಡು ಅಂಗಿ ತುರುಕಿ, ಹೆದ್ದಾರಿಗೆ ಹೋಗಿ ಬಸ್ಸಿಗೆ ಕೈ ತೋರಿಸುತ್ತಿದ್ದ. ಯಾರೋ ಗುರುತಿನವರು ರಿಕ್ಷಾದಲ್ಲಿ ಕೂರಿಸಿ ಮನೆಗೆ ಬಿಡುತ್ತಿದ್ದರು.

ಚೈತಾಲಿ ಗೋಡೆಯ ಕ್ಯಾಲೆಂಡರನ್ನು ತೆಗೆದು ಅಡಗಿಸಿದಳು. ಉಪವಾಸ ಮಾಡುವ ಹುಡುಗಿ, ಅವಳಿಗೆ ಚಂದ್ರೋದಯದ ಸಮಯ ಮೊಬೈಲಿನಲ್ಲೇ ಸಿಗುತ್ತಿತ್ತು. ಭೋಜನಿಗೆ ಎರಡೂ ಬೇಕಿರಲಿಲ್ಲ. ಸಂಜೆ ಅಂಗಳಕ್ಕಿಳಿದು ಒಮ್ಮೆ ತೆಂಗಿನ ಗರಿಗಳ ಮೇಲೆ ನೋಡಿದರೆ ಸಾಕಿತ್ತು.

ಮಳೆಗಾಲ ಬಂದಾಗ ಸ್ವರ್ಣಲತಾಳಿಗೆ ಉಸಿರು ಬಿಟ್ಟಂತಾಯಿತು. ದೋಣಿಗಳೆಲ್ಲ ದಡದಲ್ಲಿ, ಆಕಾಶ ಪೂರ್ತಿ ಮುಚ್ಚಿಕೊಂಡಿತ್ತು. ಚಂದ್ರನೇ ಇಲ್ಲದ ಮೇಲೆ ಹೊರಡುವುದಾದರೂ ಯಾವಾಗ? ಭೋಜ ಕಿಟಕಿಯ ಬಳಿ ಕುಳಿತು ಮಳೆ ನೋಡುತ್ತಿದ್ದ, ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಧ್ಯಾಹ್ನವೂ ಮಲಗುತ್ತಿದ್ದಳು. ಮಳೆ ಇನ್ನೂ ಸ್ವಲ್ಪ ದಿನ ಇರಲಿ ದೇವರೇ ಎಂದು ಬೇಡಿಕೊಂಡ ಮೀನಿನವಳು ಇಡೀ ಕರಾವಳಿಯಲ್ಲಿ ತಾನೊಬ್ಬಳೇ ಇರಬೇಕು ಎಂದು ಅವಳಿಗೆ ಅನಿಸಿತ್ತು.

ನವರಾತ್ರಿ ಮುಗಿಯುವಾಗ ಆಕಾಶ ತೊಳೆದಿಟ್ಟ ಹಾಗಾಯಿತು. ಹುಣ್ಣಿಮೆ ಬಂತು, ಹೋಯಿತು. ಈ ಸಲ ಅಕ್ಷಿತ್, "ಗೇಟಿಗೆ ಬೀಗ ಹಾಕುವ ಅಮ್ಮ, ಹೆದ್ದಾರಿಯಲ್ಲಿ ಎಂತಾದರೂ ಆದರೆ?" ಎಂದ. ಸರಿ ಎಂದು ಬೀಗ ಹಾಕಿದರು. ಸಂಕಷ್ಟಿಯ ಬೆಳಗ್ಗೆ ಭೋಜ ಗೇಟು ಹಿಡಿದು ಅಲ್ಲಾಡಿಸಿದ, ಬಡಿದ, ಒಳಗಿರುವವರು ಯಾರೆಂದೇ ಗೊತ್ತಿಲ್ಲದವನಂತೆ "ಬಾಗಿಲು ತೆಗೆಯಿರಿ, ದೋಣಿ ಬಿಟ್ಟುಹೋಗ್ತದೆ" ಎಂದು ಕೂಗಿದ. ನೆರೆಯವರು ಹೊರಬಂದು ನಿಂತರು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗೈ ಬಾತುಕೊಂಡಿತ್ತು. ಸ್ವರ್ಣಲತಾ ಅದಕ್ಕೆ ಬಿಸಿನೀರಿನ ಬಟ್ಟೆ ಒತ್ತುತ್ತಿದ್ದಾಗ ಅವನು ಅವಳ ಮುಖ ನೋಡಿ, "ತಂಡೇಲರು ಬೈತಾರೆ" ಎಂದ, ದೋಣಿ ನಡೆಸುವ ನಾಯಕನಿಗೆ ಹೆದರಿ, ಶಾಲೆ ತಪ್ಪಿಸಿದ ಮಗುವಿನ ಹಾಗೆ.

ಮುಂದಿನ ಸಂಕಷ್ಟಿಗೆ ಅವಳು ಬೀಗ ತೆಗೆದಿಟ್ಟಳು. ಚೈತಾಲಿ ತಡೆದಳು.

"ಮಾಮಿ, ನಿಮಗೆ ಕಾಲು ನೋವುಂಟು. ಎಲ್ಲಿಗೆ ಅಂತ ಕರೆದುಕೊಂಡು ಹೋಗುತ್ತೀರಿ?"

"ಎಲ್ಲಿಗೆ ಹೋಗಬೇಕು ಅಂತಾರೋ ಅಲ್ಲಿಗೆ. ಹಿಡಿದು ನಿಲ್ಲಿಸಲಿಕ್ಕೆ ನನ್ನಲ್ಲಿ ಶಕ್ತಿ ಇಲ್ಲ ಮಗಾ. ಜೊತೆಗೆ ಹೋಗುವುದೇ ಸುಲಭ."

ಉಡುಪಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಮಲ್ಪೆಗೆ ಹೋದರು. ಬಂದರಿನಲ್ಲಿ ಭೋಜ ಅವಳಿಗಿಂತ ಮುಂದೆ ನಡೆದ. ಸಾಲಾಗಿ ನಿಂತ ದೋಣಿಗಳ ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋದ, ಕೊನೆಮುಟ್ಟಿ ಮತ್ತೆ ಹಿಂದಕ್ಕೆ ಬಂದ. ಅವನ ದೋಣಿಯನ್ನು ಯಜಮಾನರು ಕೇರಳದ ಕಡೆಯವರಿಗೆ ಮಾರಿ ಎಷ್ಟೋ ಕಾಲವಾಗಿತ್ತು. ಅದನ್ನು ಹೇಗೆ ಹೇಳುವುದೆಂದು ಸ್ವರ್ಣಲತಾ ದಾರಿಯುದ್ದಕ್ಕೂ ಯೋಚಿಸಿದ್ದಳು. ದೋಣಿ ನಾಳೆ ಬರುತ್ತದೆ ಎಂದು ಸುಳ್ಳು ಹೇಳುವುದೆಂದು ಒಳಗೇ ತೀರ್ಮಾನಿಸಿಯೂ ಇದ್ದಳು.

ಅಷ್ಟರಲ್ಲಿ ಚಹಾದಂಗಡಿಯಿಂದ ಒಬ್ಬ ಎದ್ದು ಬಂದ. ಅವನು ಕಿಟ್ಟ. ಭೋಜನ ಜೊತೆ ಅದೇ ದೋಣಿಯಲ್ಲಿ ಬಲೆ ಎಳೆದವನು, ಈಗ ಬಂದರಿನಲ್ಲೇ ಚಹಾ ಮಾರುತ್ತಾನೆ.

"ಭೋಜಣ್ಣ! ಎಂತ ಮಾರಾಯ, ಚೀಲ ಹಿಡಿದು ಎಲ್ಲಿಗೆ?"

"ದೋಣಿ ಎಲ್ಲಿ?"

ಸ್ವರ್ಣಲತಾ ಕಣ್ಣಲ್ಲೇ ಬೇಡ ಬೇಡವೆಂದಳು. ಕಿಟ್ಟ ನೋಡಿದನೋ ಇಲ್ಲವೋ.

"ದೋಣಿ ಎಲ್ಲುಂಟು? ಮಾರಿ ಆಯಿತು. ತಂಡೇಲರು ತೀರಿಹೋದರು. ನನ್ನ ಸೊಂಟ ಹೋಯಿತು, ನಿನ್ನ ತಲೆ ಹೋಯಿತು. ಬಾ, ಚಹಾ ಕುಡಿ."

ಭೋಜ ಬೆಂಚಿನ ಮೇಲೆ ಕುಳಿತ. ಅಳುತ್ತಾನೆ, ಇಲ್ಲವೆ ಕಿಟ್ಟನ ಮೇಲೆ ಕೈ ಮಾಡುತ್ತಾನೆ ಎಂದು ಸ್ವರ್ಣಲತಾ ಹೆದರಿ ಹತ್ತಿರವೇ ನಿಂತಳು. ಅವನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ನೀರಿನ ಕಡೆ ನೋಡಿದ.

"ಹಾಗಾದರೆ ನನಗೆ ರಜೆಯಾ?" ಎಂದು ಕೇಳಿದ.

ಕಿಟ್ಟ ಅವಳತ್ತ ನೋಡಿದ.

"ಹೌದು," ಎಂದಳು. "ಇನ್ನು ರಜೆಯೇ."

"ನಿನಗೆ?"

ಇಷ್ಟು ವರ್ಷಗಳಲ್ಲಿ ಅವನು ಅದನ್ನು ಕೇಳಿದ್ದೇ ಇಲ್ಲ. ಈಗ ಕೇಳುತ್ತಿರುವುದು ತನ್ನನ್ನೋ, ಬೇರೆ ಯಾರೆಂದೋ ತಿಳಿದು ಕೇಳುತ್ತಿದ್ದಾನೋ ಅವಳಿಗೆ ಗೊತ್ತಾಗಲಿಲ್ಲ. "ನನಗೆ ಇವತ್ತು ಮಾತ್ರ. ಇವತ್ತು ಯಾರೂ ಮೀನು ತೆಗೆದುಕೊಳ್ಳುವುದಿಲ್ಲ" ಎಂದಳು. ಭೋಜ ಅರ್ಧ ಚಹಾವನ್ನು ಅವಳ ಕಡೆ ಸರಿಸಿದ. ಅವಳಿಗೆ ಬೇರೆ ಗ್ಲಾಸು ತರುತ್ತಿದ್ದ ಕಿಟ್ಟ ಅಲ್ಲೇ ನಿಂತುಕೊಂಡ.

ಅಲ್ಲಿಗೆ ಎಲ್ಲ ಸರಿಹೋಯಿತೆಂದೇನೂ ಅಲ್ಲ. ಮರು ತಿಂಗಳು ಭೋಜ ಮತ್ತೆ ಚೀಲ ತುಂಬಿಸಿದ. ಕೇಳಿದ್ದೆಲ್ಲ ಅವನ ತಲೆಯಿಂದ ಅಳಿಸಿಹೋಗಿತ್ತು. ಕಿಟ್ಟ ಮತ್ತೆ ಅದನ್ನೇ ಹೇಳಿದ, ಭೋಜ ಮತ್ತೆ ರಜೆಯಾ ಎಂದು ಕೇಳಿದ. ಈಗ ಒಂದು ಸಲ ಅವಳು, ಒಂದು ಸಲ ಅಕ್ಷಿತ್ ಜೊತೆಗೆ ಹೋಗುವುದೆಂದು ಆಗಿದೆ. ಅಕ್ಷಿತ್ ಮೊದಲ ಸಲ ಹೋಗಿ ಬಂದ ರಾತ್ರಿ ಊಟ ಮುಗಿಸಿ ಎದ್ದು ಅಪ್ಪನ ಹಾಸಿಗೆ ಹಾಸಿಕೊಟ್ಟ.

ಕಳೆದ ಸಂಕಷ್ಟಿಗೆ ಸ್ವರ್ಣಲತಾಳ ಸರದಿ. ಮರಳುವಾಗ ಬಸ್ಸಿನಲ್ಲಿ ಅವಳಿಗೆ ತೂಕಡಿಕೆ ಬಂತು. ಭೋಜ, "ಮಲಗು, ಇಳಿಯುವಾಗ ನಾನು ಎಬ್ಬಿಸುತ್ತೇನೆ" ಎಂದ. ಅವಳು ನಂಬಿ, ಅವನ ಹೆಗಲಿಗೆ ತಲೆಯಿಟ್ಟು ಕಣ್ಣು ಮುಚ್ಚಿದಳು. ಕಂಡಕ್ಟರು ತಟ್ಟಿ ಎಬ್ಬಿಸಿದಾಗ ಬಸ್ಸು ಉಚ್ಚಿಲ ದಾಟಿ ಪಡುಬಿದ್ರಿಯಲ್ಲಿ ನಿಂತಿತ್ತು. ಭೋಜನೂ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ.

ಇಬ್ಬರೂ ಇಳಿದರು. ಹಿಂದಕ್ಕೆ ಹೋಗುವ ಬಸ್ಸು ರಸ್ತೆಯ ಆಚೆ ಬದಿಗೆ ಬರುತ್ತದೆ. ದಾಟಲು ಅವಳ ಮೊಣಕಾಲು ಒಪ್ಪಲಿಲ್ಲ. "ಸ್ವಲ್ಪ ಕೂರುವ," ಎಂದಳು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತರು. ಎರಡು ಬಸ್ಸುಗಳು ಆಚೆಯಿಂದ ಹಾದುಹೋದವು. ಭೋಜ ಅವಸರ ಮಾಡಲಿಲ್ಲ, ಅವಳೂ ಏಳಲಿಲ್ಲ.