ರೇವತಿಯ ಬಿಳಿ ಕೋಟು

ಅದು 2022ರ ಜೂನ್. ಸೀಸನ್ನಿನ ಜನವೆಲ್ಲ ಊಟಿಯಿಂದ ಇಳಿದು ಹೋಗಿ ಮಳೆ ಹಿಡಿದುಕೊಳ್ಳುವ ಹೊತ್ತು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಮೊದಲು ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಲಂಗ, ಬ್ಲೌಸ್ ಪೀಸು ಮಾರಿದೆ. ಆಮೇಲೆ ಒಂದು ಮೆಷಿನ್, ಆಮೇಲೆ ಈ ಅಂಗಡಿ. ಮಾತಿನಲ್ಲಿ ಬದುಕಿದವಳು. ಬೇಡ ಎನ್ನುತ್ತಾ ಬಂದವರ ಕೈಯಲ್ಲಿ ಬೇಕು ಎನ್ನಿಸಿ ಕಳಿಸಿದ್ದೇನೆ. ದೊಡ್ಡ ದೊಡ್ಡ ಬಟ್ಟೆ ವ್ಯಾಪಾರಿಗಳನ್ನು ದರದಲ್ಲಿ ಇಳಿಸಿದ್ದೇನೆ.

ಅಂಗಡಿಗೆ ಬರುವ ಹುಡುಗಿಯರು ಫೋನಿನಲ್ಲಿ ನಟಿಯರ ಚಿತ್ರ ಹಿಡಿದು ‘ಅಕ್ಕ, ಇದೇ ಥರ’ ಎನ್ನುತ್ತಾರೆ. ಇದರದ್ದೇ ಅಗ್ಗದ ಕಾಪಿ ಎಲ್ಲಿ ಸಿಗುತ್ತದೆ ಎಂದೂ ಕೇಳುತ್ತಾರೆ. ಓದುಗರಿಗೂ ನಾನು ಹೇಳುವುದು ಒಂದೇ ಮಾತು, ಕಾಪಿ ಮಾತ್ರ ಕೊಳ್ಳಬೇಡಿ. ದೊಡ್ಡ ಡಿಸೈನರ್ ಮಾಡಿದ್ದನ್ನು ಕಣ್ತುಂಬ ನೋಡಿ. ಬಟ್ಟೆ ಎಲ್ಲಿಂದ ಇಳಿಯುತ್ತದೆ, ಎಲ್ಲಿಗೆ ನಿಲ್ಲುತ್ತದೆ, ಮುಖದ ಹತ್ತಿರ ಯಾವ ಬಣ್ಣ ಇಟ್ಟಿದ್ದಾರೆ ಎಂದು ಗಮನಿಸಿ. ನಿಮಗೆ ಒಪ್ಪುವ ಒಂದೇ ಒಂದು ಸಂಗತಿಯನ್ನು ಎತ್ತಿಕೊಂಡು ಮನೆಗೆ ಬಂದು ಬೀರು ತೆರೆಯಿರಿ. ಅರ್ಧ ಬಟ್ಟೆ ಅಲ್ಲೇ ಇರುತ್ತದೆ. ಕಾಪಿ ಮಾಡುವವರು ಮೇಲಿನ ಚಂದವನ್ನಷ್ಟೇ ಕದಿಯುತ್ತಾರೆ, ಒಳಗಿನ ಲೆಕ್ಕ ಅವರಿಗೆ ಬೇಕಿಲ್ಲ.

ಈ ಮಾತನ್ನೇ ಆ ಜೂನ್‌ನಲ್ಲಿ ರೇವತಿಗೂ ಹೇಳಿದ್ದೆ. ಹೆಸರು ಬದಲಿಸಿದ್ದೇನೆ. ಅವಳ ಮಗಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ನನ್ನ ಹಳೆಯ ಗಿರಾಕಿ ರೇವತಿ ಊಟಿ ಹತ್ತಿರದ ಸೋಲೂರು ಕಡೆಯ ಹಟ್ಟಿಯವಳು, ನೀಲಗಿರಿಯ ಬಡಗರ ಪೈಕಿ. ಅವರಲ್ಲಿ ಹಳ್ಳಿಗೆ ಹಟ್ಟಿ ಎನ್ನುತ್ತಾರೆ. ಸ್ವಲ್ಪ ಟೀ ತೋಟ ಇತ್ತು, ಗಂಡ ಎಲೆ ಕೀಳಿಸಿ ಫ್ಯಾಕ್ಟರಿಗೆ ಹಾಕುತ್ತಿದ್ದ. ನಲವತ್ತೈದರ ಆಸುಪಾಸು ವಯಸ್ಸು. ನಾನು ಕನ್ನಡ, ಅವಳು ಬಡಗ ಬೆರೆಸಿದ ಕನ್ನಡ. ಇಬ್ಬರ ಮಾತಿಗೂ ಎಲ್ಲೂ ತಡೆಯಿರಲಿಲ್ಲ. ಅವತ್ತು ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದಿದ್ದಳು. ಹಟ್ಟಿಯಲ್ಲಿ ವಯಸ್ಸಾದ ಹೆಂಗಸರು ಹಾಗೆ ಕಟ್ಟುತ್ತಾರೆ, ಅವಳ ವಾರಿಗೆಯವರು ಬಿಟ್ಟು ಎಷ್ಟೋ ಕಾಲವಾಯಿತು.

“ಏನಮ್ಮ, ಅಜ್ಜಿ ಆಗೋ ಮುಂಚೇನೇ ಅಜ್ಜಿ ವೇಷ?” ಎಂದೆ.

“ಹಟ್ಟಿಯವರೂ ಅದನ್ನೇ ಕೇಳಾರೆ ಅಕ್ಕ. ಚಳಿ, ಏನು ಮಾಡೋದು,” ಎಂದು ನಕ್ಕು ಚೀಲದಿಂದ ಒಂದು ಕೋಟು ತೆಗೆದಳು.

ಸೆಪ್ಟೆಂಬರಿನಲ್ಲಿ ಮಗಳು ದಿವ್ಯಳ ಮದುವೆ. ಹಟ್ಟಿಯ ಶಾಸ್ತ್ರವೆಲ್ಲ ಮುಗಿದ ಮೇಲೆ ಊಟಿಯ ಹಾಲ್‌ನಲ್ಲಿ ರಿಸೆಪ್ಶನ್. ಅದಕ್ಕೆಂದು ದಿವ್ಯ ಆನ್‌ಲೈನಿನಲ್ಲಿ ತರಿಸಿದ ಕೋಟು ಅದು. ಒಬ್ಬ ಹೆಸರಾಂತ ಡಿಸೈನರ್ ಮಾಡಿದ್ದರ ಕಾಪಿ. ಸೀರೆಯ ಮೇಲೆ ತೊಡುವಂಥ ಉದ್ದದ ಕೋಟು, ಎಡಭುಜದಿಂದ ನೆರಿಗೆಗಳು ಎದೆಯ ಮೇಲೆ ಓರೆಯಾಗಿ ಇಳಿದಿದ್ದವು.

“ಎನಗ ಎಡಗೈ ಹೋಗ್ತಾ ಇಲ್ಲೆ ಅಕ್ಕ. ಆ ತೋಳೊಂದು ಸ್ವಲ್ಪ ಬಿಡಿಸಿಕೊಡು.”

ನಾನು ಕೋಟನ್ನು ಒಳಮಗ್ಗುಲಾಗಿ ತಿರುವಿದೆ. “ಎಲ್ಲಿ ಬಿಡಿಸ್ಲಿ? ಹೊಲಿಗೆ ಒಳಗೆ ಬೆರಳಗಲ ಬಟ್ಟೆ ಬಿಟ್ಟಿಲ್ಲ. ನೆರಿಗೇನೂ ಸುಳ್ಳು, ಇಸ್ತ್ರಿ ಒತ್ತಿ ಅಂಟಿಸವ್ರೆ. ಒಂದ್ಸಲ ಒಗೆದ್ರೆ ದಿಂಬಿಗೆ ಹಾಕೋಕೂ ಆಗಲ್ಲ. ಅದಿರ್ಲಿ, ಎಡಗೈಯೊಂದೇ ಯಾಕೆ ಹೋಗಲ್ಲ? ತೋಟದಲ್ಲಿ ಎಲೆ ಕೀಳೋದೆಲ್ಲ ಅದರಲ್ಲೇನಾ?”

“ಹೂಂ ಅಕ್ಕ, ಬಲಗೈ ಸೋಮಾರಿ,” ಎಂದಳು. ಇಬ್ಬರೂ ನಕ್ಕೆವು.

ಇದನ್ನು ವಾಪಸ್ ಕಳಿಸು, ಕೊಯಮತ್ತೂರಿಗೆ ಬಟ್ಟೆ ತರಲು ಹೋಗುತ್ತಿದ್ದೇನೆ, ನೀನೂ ಬಾ, ನಿಜವಾದ ಕೋಟನ್ನೇ ನೋಡೋಣ, ನೋಡೋಕೆ ಯಾರೂ ದುಡ್ಡು ಕೇಳಲ್ಲ ಎಂದೆ. ಅವಳು ಸ್ವಲ್ಪ ಯೋಚಿಸಿ, ತನಗೂ ಅಲ್ಲಿ ಒಂದು ಕೆಲಸ ಇದೆ, ಅದಕ್ಕೆ ಹೊಂದಿಸಿಕೊಂಡು ಬರುತ್ತೇನೆ ಎಂದಳು.

ಆ ಡಿಸೈನರ್ ಬಟ್ಟೆ ಮಾರುವ ಕೊಯಮತ್ತೂರಿನ ಶೋರೂಮಿನಲ್ಲಿ ಗಾಜಿನ ಬಾಗಿಲು, ತಣ್ಣನೆ ಗಾಳಿ. ಒಳಗೆ ಹೋಗಲು ರೇವತಿ ಹಿಂಜರಿದಳು. “ಕೊಳ್ಳೋರ ಥರಾನೇ ನಡಿ. ಕೊಳ್ಳೋರಿಗೆ ಭಯ ಇರಲ್ಲ,” ಎಂದು ಕೈ ಹಿಡಿದು ಕರೆದುಕೊಂಡು ಹೋದೆ. ಕೋಟನ್ನು ಅಲ್ಲೇ ತೂಗುಹಾಕಿದ್ದರು. ಅಲ್ಲಿದ್ದ ತಮಿಳು ಹುಡುಗಿ ಮರ್ಯಾದೆಯಿಂದಲೇ ಬೇಕಾದ ಅಳತೆಯದ್ದು ತೆಗೆದುಕೊಟ್ಟಳು. ಹೊಲಿಗೆ ನೋಡಬೇಕೆಂದರೆ ಮೈಮೇಲೆ ನೋಡಬೇಕು. ಹಾಕಿಕೊಳ್ಳಲು ಸಹಾಯ ಮಾಡುವವಳಂತೆ ನಾನೂ ಟ್ರಯಲ್ ರೂಮಿಗೆ ನುಗ್ಗಿದೆ.

ರೇವತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. “ಅಕ್ಕ, ನೀ ಹೊರಗೆ ಇರು” ಎಂದಳು. “ನಾಚಿಕೆ ಎಂಥದ್ದು, ನಿನ್ನ ಅಳತೆ ತಗೊಂಡವಳಲ್ವಾ ನಾನು?” ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಾ ನಿಂತಳು. ಆಮೇಲೆ ತಲೆಯ ಬಟ್ಟೆ ಬಿಚ್ಚಿದಳು. ಕೂದಲು ಇರಲಿಲ್ಲ, ಮಕ್ಕಳಿಗೆ ಮುಡಿ ಕೊಟ್ಟ ಮೇಲೆ ಚಿಗುರುತ್ತದಲ್ಲ, ಅಷ್ಟು ಮಾತ್ರ. ಸೆರಗು ಸರಿಸಿದಳು. ಎಡಗಡೆ ಎದೆ ಇರಲಿಲ್ಲ, ಉದ್ದಕ್ಕೆ ಒಂದು ಗಾಯದ ಗೆರೆ. ಎಡತೋಳು ಭುಜದಿಂದ ಬೆರಳವರೆಗೆ ಊದಿತ್ತು.

ನಾವಿಬ್ಬರೂ, ಆ ಕನ್ನಡಿಯಲ್ಲಿ ಮತ್ತಿಬ್ಬರು.

“ಇಲ್ಲಿ ಆಸ್ಪತ್ರೆಲೇ ಆಪರೇಷನ್ ಆಯ್ತು ಅಕ್ಕ. ನಮ್ಮ ಮನೆಯವರಿಗೆ ಗೊತ್ತು, ದಿವ್ಯಂಗೆ ಗೊತ್ತು. ಹಟ್ಟೀಲಿ ಪಿತ್ತಕೋಶದಲ್ಲಿ ಕಲ್ಲು ಅಂದಿದ್ದೀವಿ.”

“ಯಾಕಮ್ಮ ಮುಚ್ಚಿಟ್ಟೆ?”

“ಹೇಳಿದ್ರೆ ದಿನಾ ಮನೆ ತುಂಬ ಜನ. ಎಲ್ಲ ಒಳ್ಳೇವ್ರೇ. ಆದ್ರೆ ಬಂದವರೆಲ್ಲ ಮುಖ ನೋಡಿ ‘ಪಾಪ’ ಅಂತಾರೆ. ಮಗಳ ರಿಸೆಪ್ಶನ್ ಒಂದು ದಿನ, ಯಾರೂ ನನ್ನ ನೋಡಿ ಪಾಪ ಅನ್ನಬಾರದು. ಅಷ್ಟು ಸಾಕು ಎನಗ.”

ನನಗೆ ಗೊತ್ತಿದ್ದದ್ದು ಬಟ್ಟೆ ಒಂದೇ. ಕೋಟನ್ನು ಅವಳಿಗೆ ತೊಡಿಸಿದೆ. ಊದಿದ ತೋಳು ಸಲೀಸಾಗಿ ಒಳಗೆ ಹೋಯಿತು. ಕಂಕುಳಲ್ಲಿ ಬೆರಳಾಡಿಸಿ ನೋಡಿದೆ, ಅಲ್ಲಿ ಚೌಕದ ಒಂದು ತುಂಡನ್ನು ಓರೆಯಾಗಿ ಸೇರಿಸಿ ಹೊಲಿದಿದ್ದರು. ಕೈ ಎತ್ತಿದರೂ ಕೋಟು ಮೇಲೇಳದ ಹಾಗೆ. ನೆರಿಗೆಗಳು ಭುಜದ ಮೂಳೆಯಿಂದಲೇ ಹೊರಟು, ಎದೆಯನ್ನು ತಾಗದೆ, ಗಾಳಿಯಲ್ಲಿ ನಿಂತಂತೆ ಇಳಿದಿದ್ದವು. ಎದೆ ಇದೆಯೋ ಇಲ್ಲವೋ ನೆರಿಗೆಗೆ ಸಂಬಂಧವಿಲ್ಲ. ಕಾಪಿಯಲ್ಲಿ ಇದಾವುದೂ ಇರಲಿಲ್ಲ.

“ನೋಡು, ಇಷ್ಟೇ ನಮಗೆ ಬೇಕಾದ್ದು,” ಎಂದೆ. “ಈ ಚೌಕದ ತುಂಡು, ಈ ಭುಜ. ಕಸೂತಿ ಅವರದ್ದು ಅವರಿಗಿರಲಿ. ಬಟ್ಟೆ ನಿನ್ನ ಮನೇದು.”

ಹೊರಗೆ ಬಂದು ಹುಡುಗಿಗೆ ಧನ್ಯವಾದ ಹೇಳಿ ಕೋಟನ್ನು ಹಿಂದಿರುಗಿಸಿದೆವು. ಆಮೇಲೆ ಅವಳ ಜೊತೆ ಆಸ್ಪತ್ರೆಗೆ ಹೋದೆ. ನನ್ನ ಬಟ್ಟೆ ಖರೀದಿ ಅವತ್ತು ಆಗಲಿಲ್ಲ.

ಮುಂದಿನ ವಾರ ರೇವತಿ ತನ್ನ ಬೀರುವಿನಿಂದ ಎರಡು ಬಟ್ಟೆ ತಂದಳು. ಒಂದು, ಹಟ್ಟಿಯ ಹೆಂಗಸರು ಹೊದೆಯುವ ದಪ್ಪ ಬಿಳಿ ಬಟ್ಟೆ, ಇನ್ನೂ ಮಡಿಕೆ ಬಿಚ್ಚದ್ದು. ಇನ್ನೊಂದು, ಉಟ್ಟು ಉಟ್ಟು ಸವೆದ ನೀಲಿ ರೇಷ್ಮೆ ಸೀರೆ. ಬಿಳಿಯದು ಹೊರಗೆ, ರೇಷ್ಮೆ ಒಳಗೆ ಎಂದು ತೀರ್ಮಾನಿಸಿದೆ. ಹೊಸ ರೇಷ್ಮೆ ಚರ್ಮಕ್ಕೆ ಉಜ್ಜುತ್ತದೆ, ಹಳೆಯದು ಗಾಯವನ್ನು ನೋಯಿಸುವುದಿಲ್ಲ. ಇದನ್ನು ಇಂಥ ಆಪರೇಷನ್ ಆದ ಬೇರೆ ಹೆಂಗಸರೂ ನೆನಪಿಟ್ಟುಕೊಳ್ಳಲಿ. ಎರಡೂ ತೋಳನ್ನು ಒಂದೇ ಅಗಲಕ್ಕೆ ಕತ್ತರಿಸಿದೆ. ಹಾಗಾದರೆ ಅದು ಮಾದರಿ ಎನ್ನಿಸುತ್ತದೆ, ಒಂದು ತೋಳು ಮಾತ್ರ ಅಗಲವಾದರೆ ಕಾಯಿಲೆ ಎನ್ನಿಸುತ್ತದೆ. ಹೊಲಿಗೆಯೊಳಗೆ ಬೇಕಾದಷ್ಟು ಬಟ್ಟೆ ಬಿಟ್ಟೆ.

ಬಿಟ್ಟದ್ದು ಬೇಕಾಯಿತು. ಆಗಸ್ಟಿನಲ್ಲಿ ಅಳತೆಗೆ ಬಂದಾಗಲೆಲ್ಲ ಎಡತೋಳನ್ನು ಬಿಡಿಸುತ್ತಿದ್ದೆ, ಕೋಟಿನ ಮೈಯನ್ನು ಹಿಡಿದು ಚಿಕ್ಕದು ಮಾಡುತ್ತಿದ್ದೆ. ತೋಳು ಊದುತ್ತಿತ್ತು, ಅವಳು ಸೊರಗುತ್ತಿದ್ದಳು. ನಾನು ಕೇಳಲಿಲ್ಲ. ಒಂದು ದಿನ ಅವಳೇ ಹೇಳಿದಳು. ಕಾಯಿಲೆ ಮತ್ತೆ ಬಂದಿದೆ, ಈಗ ಲಿವರ್‌ಗೆ ಇಳಿದಿದೆಯಂತೆ.

“ಡಾಕ್ಟರು ಏನಂದ್ರು?”

“ಮದುವೆ ಮುಗಿಸ್ಕೊಂಡು ಬಾ ಅಂದ್ರು.” ನಾನು ಗುಂಡುಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡು ಎಡತೋಳಿನ ಹೊಲಿಗೆ ಬಿಡಿಸತೊಡಗಿದೆ.

ರಿಸೆಪ್ಶನ್ ದಿನ ಬೆಳಿಗ್ಗೆಯೇ ಹೋಗಿ ನಾನೇ ತೊಡಿಸಿದೆ. ತಲೆಗೆ ಅದೇ ಬಿಳಿ ಬಟ್ಟೆಯ ತುಂಡನ್ನು ಅಜ್ಜಿಯರ ಹಾಗೆ ಕಟ್ಟದೆ, ಹಿಂದಕ್ಕೆ ಎಳೆದು ಪಕ್ಕದಲ್ಲಿ ಮಡಿಸಿ ಸಿಕ್ಕಿಸಿದೆ. ಕೆನ್ನೆಗೆ ಸ್ವಲ್ಪ ಬಣ್ಣ. ಹಾಲ್ ತುಂಬ ಬಣ್ಣಬಣ್ಣದ ರೇಷ್ಮೆ. ಆ ನಡುವೆ ಅವಳೊಬ್ಬಳೇ ಬಿಳಿ. ಎಲ್ಲರ ಕಣ್ಣೂ ಅವಳ ಮೇಲೆ. ಹಟ್ಟಿಯ ಬಟ್ಟೆಯಲ್ಲಿ ಇಂಥದ್ದು ಹೊಲಿಯಬಹುದಾ ಎಂದು ಹುಡುಗಿಯರು ತೋಳನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಅವಳು ನಗುತ್ತಲೇ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಅವಳ ಗಂಡನ ಅಕ್ಕ ಲಿಂಗಮ್ಮ ಪಕ್ಕದ ಹಟ್ಟಿಗೆ ಮದುವೆಯಾಗಿ ಹೋದವರು, ಬಾಯಿ ಜೋರು. ಊಟದ ಸಾಲಿನಲ್ಲಿ ನಾಲ್ಕು ಜನಕ್ಕೆ ಕೇಳುವ ಹಾಗೆ, “ಏನು ರೇವತಿ, ಮಗಳಿಗೆ ಮದುವೆಯಾ, ನಿನಗೆ ಮದುವೆಯಾ? ಮೈ ಇಳಿಸಿ, ಸಿನಿಮಾದವಳ ಥರ ಕೋಟು ಹಾಕಿ ಬಂದಿದ್ದೀಯ. ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?” ಎಂದರು. ಸುತ್ತಲಿನವರು ಕಿಸಕ್ಕೆಂದರು.

ರೇವತಿ ನನ್ನ ಬಳಿಗೆ ಬಂದಳು. ಕಣ್ಣು ಹೊಳೆಯುತ್ತಿತ್ತು. ಕಿವಿಯ ಹತ್ತಿರ ಬಗ್ಗಿ, “ಕೇಳಿದ್ಯಾ ಅಕ್ಕ? ನನ್ನ ಮೇಲೆ ಹೊಟ್ಟೆಕಿಚ್ಚು ಪಡ್ತಾವ್ರೆ,” ಎಂದಳು. ಅಷ್ಟು ಸಂತೋಷವಾಗಿ ಅವಳು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ.

ನವೆಂಬರಿನಲ್ಲಿ ತೀರಿಕೊಂಡಳು. ಸುದ್ದಿ ಬಂದಾಗ ಸೋಲೂರಿನ ಬಸ್ ಹತ್ತಿ ಹೋದೆ. ಮಂಜು ಇಳಿದಿತ್ತು. ಬಿಳಿ ಹೊದ್ದ ಹೆಂಗಸರು ಅಂಗಳದಲ್ಲಿ ಕೂತು ಅಳುತ್ತಿದ್ದರು. ಒಳಗೆ ಹತ್ತಿರದ ಹೆಂಗಸರು ಮೈ ತೊಳೆಯುತ್ತಿದ್ದರು. ಅದನ್ನು ಯಾರೂ ಯೋಚಿಸಿರಲಿಲ್ಲ, ಅವಳೂ ಯೋಚಿಸಿರಲಿಲ್ಲವೇನೋ. ಬದುಕಿದ್ದಷ್ಟು ದಿನ ಯಾರಿಂದ ಮುಚ್ಚಿಟ್ಟಳೋ ಅವರ ಕೈಗೇ ಕೊನೆಗೆ ಅವಳ ಮೈ ಹೋಯಿತು.

ಇದ್ದಕ್ಕಿದ್ದಂತೆ ಒಳಗಿನ ಅಳು ನಿಂತಿತು. ಸ್ವಲ್ಪ ಹೊತ್ತಿಗೆ ಲಿಂಗಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದರು. ಸುತ್ತ ನೋಡಿ ಸೀದಾ ನನ್ನ ಹತ್ತಿರ ಬಂದರು.

“ನಿನಗೆ ಗೊತ್ತಿತ್ತಲ್ಲ?”

“ಹೂಂ.”

ಲಿಂಗಮ್ಮ ಅಲ್ಲೇ ಜಗಲಿಯ ಮೇಲೆ ಕೂತರು.

ಅದಾದ ಮೇಲೆ ರಿಸೆಪ್ಶನ್ ಫೋಟೋ ನೋಡಿದ ಎಷ್ಟೋ ಹುಡುಗಿಯರು ಅಂಗಡಿಗೆ ಬಂದು ಅಂಥದ್ದೇ ಅಗಲ ತೋಳಿನ ಕೋಟು ಕೇಳಿದರು. ಹೊಲಿದು ಕೊಟ್ಟೆ. ಕೆಲಸ ಬೇಡ ಅನ್ನುವವಳಲ್ಲ ನಾನು. ಅದನ್ನು ತೊಟ್ಟವರು ಬಸ್ಸಿನಲ್ಲಿ ಎದುರಾದರೆ ಮಾತ್ರ ಕಿಟಕಿಯ ಕಡೆಗೆ ತಿರುಗಿಕೊಳ್ಳುತ್ತೇನೆ.

ಒಂದು ದಿನ ಲಿಂಗಮ್ಮ ಬಂದರು. ಬಟ್ಟೆ ಏನೂ ತಂದಿರಲಿಲ್ಲ. ಸ್ಟೂಲಿನ ಮೇಲೆ ಕೂತು, “ಅವತ್ತು ಅಷ್ಟು ಜನದೆದುರು ನಾನು ಅವಳಿಗೆ ಹಾಗಂದೆ. ಮೈ ಇಳಿಸಿದ್ದೀಯ ಅಂದೆ. ಅವಳು ಹಂಗೇ ಹೊಟ್ಟೇಲಿ ಇಟ್ಕೊಂಡು ಹೋದಳು,” ಎಂದರು.

ನಾನು ಮೆಷಿನ್ ನಿಲ್ಲಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವಳಿಗೆ ಬೇಕಾಗಿದ್ದದ್ದೇ ಅದು, ಪಾಪ ಎನ್ನದೆ ನೀವು ಹೊಟ್ಟೆಕಿಚ್ಚು ಪಟ್ಟಿರಲ್ಲ, ಅವತ್ತು ಅವಳಿಗೆ ಸಿಕ್ಕ ಉಡುಗೊರೆಯೇ ನಿಮ್ಮ ಮಾತು, ನನ್ನ ಕಿವಿಯಲ್ಲಿ ಹೇಳಿ ನಕ್ಕಳು ಎಂದೆ. ಅವಳು ಹೇಳಿದ ಮಾತನ್ನು ಹೇಳಿದ ಹಾಗೆಯೇ ಒಪ್ಪಿಸಿದೆ.

ಲಿಂಗಮ್ಮ ಕೇಳಿಸಿಕೊಂಡು ತಲೆಯಾಡಿಸಿದರು. “ನನ್ನ ಸಮಾಧಾನಕ್ಕೆ ಹೇಳ್ತೀಯ. ಒಳ್ಳೆಯವಳು ನೀನು.”

“ಅಲ್ಲಮ್ಮ, ನಿಜ.”

“ಇರಲಿ, ಇರಲಿ.”

ಈಗಲೂ ಊಟಿಗೆ ಬಂದಾಗ ಲಿಂಗಮ್ಮ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ. ಹಳೆಯ ಬಾಯಿ ಈಗಿಲ್ಲ. ಅವಳು ನಿಜವಾಗಿ ನಕ್ಕಳಾ ಎಂದು ಇನ್ನೊಮ್ಮೆ ಕೇಳುತ್ತಾರೆ. ನಾನು ಇನ್ನೊಮ್ಮೆ ಹೇಳುತ್ತೇನೆ. ಯಾವ ಯಾವ ಬಟ್ಟೆಗೋ ಏನೇನೋ ಬಣ್ಣ ಕಟ್ಟಿ ಜನರನ್ನು ನಂಬಿಸಿದವಳು ನಾನು. ಈ ಒಂದು ನಿಜವನ್ನು ಅವರಿಗೆ ನಂಬಿಸಲು ನನ್ನಿಂದ ಆಗಿಲ್ಲ. ಬರೆದಾದರೂ ನೋಡೋಣ ಎಂದು ಬರೆದಿದ್ದೇನೆ, ಆದರೆ ಅವರಿಗೆ ಕನ್ನಡ ಓದಲು ಬರುವುದಿಲ್ಲ.