ಹಸಿರು ದೀಪಕ್ಕೊಂದು ಗುದ್ದು

ಹೊಸ ರೈಲುಮಾರ್ಗದ ಚಾಲಕರೆಲ್ಲ ಅವಳನ್ನು ಗುದ್ದಕ್ಕ ಎಂದು ಕರೆಯುತ್ತಿದ್ದರು. ಮೊದಲು ಬಸ್ಸು ಓಡಿಸುತ್ತಿದ್ದವಳು. ಹಟ ಹಿಡಿದ ಯಂತ್ರಕ್ಕೆ ಒಂದು ಏಟು ಕೊಟ್ಟು ದಾರಿಗೆ ತರುವುದು ಅಲ್ಲಿಂದಲೇ ಬಂದ ಅಭ್ಯಾಸ.

ಬಾಗಿಲುಗಳೆಲ್ಲ ಮುಚ್ಚಿದರೆ ಚಾಲಕರ ಎದುರಿನ ಹಸಿರು ದೀಪ ಹತ್ತಬೇಕು. ಹತ್ತದಿದ್ದರೆ ಗಾಡಿ ಕದಲುವುದಿಲ್ಲ. ಖಾಲಿ ಗಾಡಿಗಳ ಪ್ರಯೋಗದ ಓಡಾಟದಲ್ಲಿ, ಬಾಗಿಲು ಸರಿಯಾಗಿ ಮುಚ್ಚಿದ್ದಾಗಲೂ ಆ ದೀಪ ಆಗಾಗ ಮುನಿಸಿಕೊಳ್ಳುತ್ತಿತ್ತು. ವರದಿ ಮಾಡಿದರೆ ಗಾಡಿ ಶೆಡ್ಡಿಗೆ, ಅವತ್ತಿನ ಓಡಾಟ ಲೆಕ್ಕಕ್ಕಿಲ್ಲ. ಒಮ್ಮೆ ರೋಸಿಹೋಗಿ ಅವಳು ದೀಪವಿದ್ದ ಫಲಕದ ಎಡಮೂಲೆಗೆ ಮುಷ್ಟಿಯಿಂದ ಗುದ್ದಿದಳು. ದೀಪ ಹತ್ತಿತು. ಸಂಗತಿ ಬಾಯಿಂದ ಬಾಯಿಗೆ ಹರಡಿತು. ಹೊಸಬರಿಗೆ ಅವಳೇ ಕಲಿಸಿದಳು. ಗಾಡಿಗಳು ವೇಳೆಗೆ ಸರಿಯಾಗಿ ಓಡತೊಡಗಿದವು. ದೋಷಗಳು ಕಡಿಮೆಯಾದವೆಂದು ಮೇಲಿನವರು ಬೆನ್ನು ತಟ್ಟಿಕೊಂಡರು. ಉದ್ಘಾಟನೆಯ ದಿನ ಗೊತ್ತಾಯಿತು.

ಅದಕ್ಕೆ ಮುಂಚೆ ಕೊನೆಯ ತಾಲೀಮು. ಮೊದಲ ಸಲ ಗಾಡಿ ತುಂಬ ಜನ, ಹೆಚ್ಚಿನವರು ನೌಕರರ ಮನೆಯವರೇ. ಅವಳ ಅಮ್ಮನೂ ಬಂದಿದ್ದಳು.

“ನನ್ನ ಗಾಡಿ ಹತ್ತಮ್ಮ.”

“ಬೇಡ ಕಣೇ. ಮನೇಲಿ ನಿನ್ನ ಗದರಿಕೆ ಸಾಲ್ದಾ? ನಿನ್ನ ಶಿಷ್ಯನ ಗಾಡೀಲಿ ಹೋಗ್ತೀನಿ. ಅವನಿಗಾದ್ರೂ ದೊಡ್ಡೋರು ಅಂದ್ರೆ ಮರ್ಯಾದೆ ಇದೆ.”

ಶಿಷ್ಯನ ಗಾಡಿ ಮುಂದೆ ಹೊರಟಿತು, ಅವಳದು ಹಿಂದೆ.

ಎರಡನೆಯ ನಿಲ್ದಾಣದಲ್ಲಿ ದೀಪ ಹತ್ತಲಿಲ್ಲ. ಯೋಚಿಸುವ ಮೊದಲೇ ಕೈ ಗುದ್ದಿತ್ತು. ಹಸಿರು ಬಂತು, ಗಾಡಿ ಕದಲಿತು. ಆಗ ಪಕ್ಕದ ಕ್ಯಾಮೆರಾ ಪರದೆಯಲ್ಲಿ ಅವಳಿಗೆ ಒಂದು ಮೊಣಕೈ ಕಂಡಿತು. ಕೊನೆಯ ಬೋಗಿಯ ಬಾಗಿಲಿನಿಂದ ಅದು ಹೊರಗೆ ಚಾಚಿತ್ತು. ಬ್ರೇಕ್ ಅದುಮಿದಳು. ಪ್ಲಾಟ್‌ಫಾರ್ಮಿನ ಕಾವಲುಗಾರ ಓಡಿಬಂದು ಬಾಗಿಲು ಎಳೆದು ತೋಳು ಬಿಡಿಸಿದ.

ನೂಕುನುಗ್ಗಲಿನಲ್ಲಿ ಬಾಗಿಲು ನಿಜವಾಗಿಯೂ ಮುಚ್ಚಿರಲಿಲ್ಲ. ದೀಪ ಅದನ್ನೇ ಹೇಳಿತ್ತು. ಗುದ್ದಿ ಅದರ ಬಾಯಿ ಮುಚ್ಚಿಸಿದ್ದಳು.

ರೇಡಿಯೊದಲ್ಲಿ ನಿಯಂತ್ರಣ ಕೊಠಡಿಯ ಅಧಿಕಾರಿ ಸಿಡುಕಿದರು. “ಯಾಕ್ರೀ ನಿಲ್ಸಿದ್ರಿ? ಇವತ್ತು ಒಂದು ಗಾಡಿ ತಡ ಆದ್ರೂ ಉದ್ಘಾಟನೆ ಕೈಬಿಟ್ಟುಹೋಗುತ್ತೆ.”

“ಬಾಗಿಲಲ್ಲಿ ಒಬ್ರ ತೋಳು ಸಿಕ್ಕೊಂಡಿತ್ತು ಸಾರ್. ಎಲ್ಲಾ ಗಾಡಿ ನಿಲ್ಸಿ. ಬಾಗಿಲು ತೆರೆದಿದ್ರೂ, ಗುದ್ದಿದ್ರೆ ದೀಪ ಹತ್ತುತ್ತೆ.”

“ಪ್ರಯಾಣಿಕರ ತಪ್ಪು ಅಂದ್ಬಿಡೋಣ. ನೀವು ಹೊರಡಿ.”

“ನಮ್ಮಮ್ಮ ಮುಂದಿನ ಗಾಡೀಲಿದಾಳೆ ಸಾರ್. ಅದನ್ನ ಓಡಿಸ್ತಿರೋನಿಗೆ ಗುದ್ದೋದು ಕಲಿಸಿದ್ದು ನಾನು.”

“ಇನ್ನು ಯಾರಿಗೆ ಕಲಿಸಿದೀರಿ?”

“ಯಾರಿಗೆ ಕಲಿಸಿಲ್ಲ ಅಂತ ಕೇಳಿ.”

ಅಧಿಕಾರಿ ಮೈಕ್ ಅದುಮಿದ ಸದ್ದು ಕೇಳಿಸಿತು. ಆಮೇಲೆ ಎಲ್ಲ ಗಾಡಿಗಳಿಗೂ ನಿಲ್ಲುವ ಆಜ್ಞೆ ಹೋಯಿತು. ಚಾಲಕರು ಒಬ್ಬೊಬ್ಬರಾಗಿ ಉತ್ತರ ಕೊಟ್ಟರು. ಅವಳು ರೇಡಿಯೊಗೆ ಕಿವಿ ಹಚ್ಚಿ ಕೂತಳು.

ಶಿಷ್ಯನ ದನಿ ಎಲ್ಲರಿಗಿಂತ ಕೊನೆಗೆ ಬಂತು.

“ನಿಲ್ಸಿದೀನಿ ಅಕ್ಕ. ಸುರಂಗದೊಳಗಿದೀನಿ. ಹಿಂದಿನ ಬೋಗೀಲಿ ಜನ ಕೂಗ್ತಿದಾರೆ. ಯಾಕೆ ಅಂತ ಹೋಗಿ ನೋಡ್ತೀನಿ.”